ಇಂಡಕ್ಷನ್ ಒಲೆ: ಅಡುಗೆಮನೆಯ ಸುರಕ್ಷತೆ ಮತ್ತು ವ್ಯಾಪಾರಸ್ಥರ ಹೊಣೆ

ಪಾತ್ರೆ ಅಂಗಡಿಗಳಲ್ಲಿ, ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ, ಹಬ್ಬದ ಕಾಲದ ರಿಯಾಯಿತಿ ಮಾರಾಟಗಳಲ್ಲಿ ಇಂದು ಇಂಡಕ್ಷನ್ ಒಲೆ ಕಾಣದ ಜಾಗವಿಲ್ಲ. ಬಾಡಿಗೆ ಕೋಣೆಯ ವಿದ್ಯಾರ್ಥಿಯಿಂದ ಹಿಡಿದು ಅವಿಭಕ್ತ ಕುಟುಂಬದವರೆಗೆ ಎಲ್ಲರೂ ಇದರ ಗ್ರಾಹಕರು. ಗ್ಯಾಸ್ ಮುಗಿದ ದಿನ ಆಪದ್ಬಾಂಧವನಂತೆ ಬಳಕೆಯಾಗುತ್ತಿದ್ದ ಈ ಉಪಕರಣವು ಅನೇಕ ಮನೆಗಳಲ್ಲಿ ದಿನನಿತ್ಯದ ಒಲೆಯಾಗಿದೆ. ಇದರೊಂದಿಗೆ ಗ್ರಾಹಕರ ಪ್ರಶ್ನೆಗಳೂ ಹೆಚ್ಚಿವೆ. ಇದರಿಂದ ಶಾಕ್ ಹೊಡೆಯುವುದೇ? ವಿಕಿರಣ ಬರುವುದೇ? ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಹತ್ತಿರ ಹೋಗಬಹುದೇ? ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ವ್ಯಾಪಾರಿಯು ಇವುಗಳಿಗೆ ಉತ್ತರ ಕೊಡಬೇಕಾಗುತ್ತದೆ. ಆತ ಕೊಡುವ ಉತ್ತರಕ್ಕೆ, ಅಥವಾ ಕೊಡದೆ ಉಳಿಯುವ ಉತ್ತರಕ್ಕೆ, ಈಗ ಕಾನೂನಿನ ಬೆಲೆಯೂ ಇದೆ. ಈ ಎರಡೂ ಮುಖಗಳನ್ನು ಒಟ್ಟಿಗೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಲೆ ಕೆಲಸ ಮಾಡುವ ಬಗೆ

ಇಂಡಕ್ಷನ್ ಒಲೆಯಲ್ಲಿ ಬೆಂಕಿಯೂ ಇಲ್ಲ, ಕೆಂಪಗೆ ಕಾಯುವ ತಂತಿಯೂ ಇಲ್ಲ. ಗಾಜಿನ ಫಲಕದ ಕೆಳಗೆ ತಾಮ್ರದ ಸುರುಳಿ ಇರುತ್ತದೆ. ಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ತನ್ನು ಒಳಗಿನ ಸರ್ಕ್ಯೂಟು 20,000 ಹರ್ಟ್ಸ್‌ಗೂ ಮೀರಿದ ಆವರ್ತನಕ್ಕೆ ಬದಲಾಯಿಸಿ ಈ ಸುರುಳಿಗೆ ಕೊಡುತ್ತದೆ. ಆಗ ಸುರುಳಿಯ ಮೇಲೆ ವೇಗವಾಗಿ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಕಬ್ಬಿಣದ ಅಂಶವುಳ್ಳ ಪಾತ್ರೆಯನ್ನು ಅದರ ಮೇಲಿಟ್ಟರೆ ಪಾತ್ರೆಯ ತಳದಲ್ಲಿಯೇ ವಿದ್ಯುತ್ ಸುಳಿಗಳು ಹುಟ್ಟಿ ತಳ ಕಾಯುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಮೂಲತತ್ತ್ವ.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಶಾಖವು ಒಲೆಯಲ್ಲಿ ಹುಟ್ಟದೆ ಪಾತ್ರೆಯಲ್ಲಿ ಹುಟ್ಟುತ್ತದೆ. ಎರಡು, ಪಾತ್ರೆ ತೆಗೆದೊಡನೆ ಕಾಯಿಸುವ ಕೆಲಸ ನಿಲ್ಲುತ್ತದೆ. ಮೂರು, ಅನಿಲ ಸೋರಿಕೆ, ತೆರೆದ ಜ್ವಾಲೆಗೆ ಸೆರಗು ತಗಲುವುದು, ಗಾಳಿಯಾಡದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುವುದು, ಈ ಮೂರೂ ಅಪಾಯಗಳು ಇಲ್ಲಿಲ್ಲ. ಈ ದೃಷ್ಟಿಯಿಂದ ಇಂಡಕ್ಷನ್ ಒಲೆ ಸುರಕ್ಷಿತವೆಂಬ ಮಾತು ನಿಜ. ಆದರೆ ಜಮೆಯ ಬದಿಯನ್ನು ಮಾತ್ರ ಓದಿ ಖರ್ಚಿನ ಬದಿಯನ್ನು ಬಿಡುವುದು ಲೆಕ್ಕ ಬಲ್ಲವರ ಲಕ್ಷಣವಲ್ಲ.

ವಿದ್ಯುತ್ ಹೊರೆಯ ಲೆಕ್ಕ

ಇಂಡಕ್ಷನ್ ಒಲೆಯ ಅಪಾಯವು ಬಹುತೇಕ ಒಲೆಯ ಒಳಗಿರುವುದಿಲ್ಲ, ಅದಕ್ಕೆ ವಿದ್ಯುತ್ ತರುವ ಗೋಡೆಯಲ್ಲಿರುತ್ತದೆ. 2000 ವ್ಯಾಟ್ ಒಲೆಯನ್ನು 230 ವೋಲ್ಟ್ ಸಂಪರ್ಕದಲ್ಲಿ ಪೂರ್ಣ ಶಕ್ತಿಯಲ್ಲಿ ನಡೆಸಿದರೆ ಹರಿಯುವ ವಿದ್ಯುತ್ತು ಸುಮಾರು 8.7 ಆಂಪಿಯರ್. ನಮ್ಮ ಮನೆಗಳಲ್ಲಿ ಎರಡು ಬಗೆಯ ಸಾಕೆಟ್‌ಗಳಿವೆ: 6 ಆಂಪಿಯರ್‌ನ ಚಿಕ್ಕದು ಮತ್ತು 16 ಆಂಪಿಯರ್‌ನ ದೊಡ್ಡದು. ಇಂತಹ ಒಲೆಗೆ ದೊಡ್ಡ ಸಾಕೆಟ್ಟೇ ಬೇಕು. ಆದರೆ ಅಡುಗೆಕಟ್ಟೆಯ ಮೇಲೆ ಮಿಕ್ಸಿಗೆಂದು ಹಾಕಿಸಿದ ಚಿಕ್ಕ ಸಾಕೆಟ್ ಮಾತ್ರ ಇರುವ ಮನೆಗಳಲ್ಲಿ ಗ್ರಾಹಕರು ಒಂದು ಕನ್ವರ್ಟರ್ ಪ್ಲಗ್ ತಂದು ಕೆಲಸ ಸಾಗಿಸುತ್ತಾರೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ತಂತಿಯಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. 6ರ ವರ್ಗ 36, 8.7ರ ವರ್ಗ ಸುಮಾರು 76. ಅಂದರೆ ಹೊರೆ ಒಂದೂವರೆ ಪಟ್ಟಿಗಿಂತ ಕಡಿಮೆ ಹೆಚ್ಚಿದರೂ ಶಾಖ ಎರಡು ಪಟ್ಟಿಗೂ ಮಿಕ್ಕುತ್ತದೆ. ಪ್ಲಗ್ಗಿನ ಪಿನ್ನುಗಳು ಸಡಿಲವಾಗಿದ್ದರಂತೂ ಆ ಶಾಖವೆಲ್ಲ ಒಂದೇ ಬಿಂದುವಿನಲ್ಲಿ ಸೇರುತ್ತದೆ. ಮೊದಲು ಸಾಕೆಟ್ಟಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಸುಟ್ಟ ವಾಸನೆ, ಕೊನೆಗೆ ಬೆಂಕಿ.

"ಎಂ.ಸಿ.ಬಿ. ಇದೆಯಲ್ಲ" ಎಂಬ ಸಮಾಧಾನ ಇಲ್ಲಿ ಸಲ್ಲದು. ಎಂ.ಸಿ.ಬಿ.ಯು ತನ್ನ ಮಿತಿಯನ್ನು ಮೀರಿದ ಹೊರೆಯನ್ನು ಮಾತ್ರ ತಡೆಯುತ್ತದೆ. ಆ ಸಾಲಿಗೆ 16 ಆಂಪಿಯರ್‌ನ ಎಂ.ಸಿ.ಬಿ. ಇದ್ದರೆ 8.7 ಆಂಪಿಯರ್ ಅದರ ಲೆಕ್ಕದಲ್ಲಿ ಹೆಚ್ಚಲ್ಲ. ಸಡಿಲ ಪ್ಲಗ್ ಕರಗುತ್ತಿದ್ದರೂ ಅದು ಸುಮ್ಮನಿರುತ್ತದೆ.

ಒಟ್ಟು ಹೊರೆಯನ್ನೂ ಗಮನಿಸಬೇಕು. ಬೆಳಗಿನ ಏಳು ಗಂಟೆಗೆ ಒಂದು ಮಧ್ಯಮವರ್ಗದ ಮನೆಯ ಸ್ಥಿತಿ ಹೀಗಿರಬಹುದು:

ಇಂಡಕ್ಷನ್ ಒಲೆ – 2000 ವ್ಯಾಟ್
ನೀರು ಕಾಯಿಸುವ ಗೀಸರ್ – 2000 ವ್ಯಾಟ್
ಮಿಕ್ಸಿ – 750 ವ್ಯಾಟ್
ಫ್ರಿಜ್ – 200 ವ್ಯಾಟ್
ಒಟ್ಟು – 4950 ವ್ಯಾಟ್, ಅಂದರೆ ಸುಮಾರು 21.5 ಆಂಪಿಯರ್

ಎರಡು ಕಿಲೋವ್ಯಾಟ್ ಮಂಜೂರಾತಿ ಪಡೆದ ಮನೆಗೆ ಇದು ಭಾರವೇ. ಹಳೆಯ ಮನೆಗಳಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ರಾಜ್ಯದಲ್ಲಿ ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಗಳಡಿ ಒಂದು ದೀಪ ಉರಿಸಲೆಂದು ಕೊಟ್ಟ ಸಂಪರ್ಕಗಳಿವೆ. ದೀಪಕ್ಕೆಂದು ಎಳೆದ ತಂತಿಗೆ ಒಲೆಯನ್ನು ಜೋಡಿಸುವುದು ಅಪಾಯಕ್ಕೆ ಆಹ್ವಾನ. ಒಲೆಗಾಗಿ ಮೀಟರ್ ಬೋರ್ಡಿನಿಂದ ಪ್ರತ್ಯೇಕ ಸಾಲು, 2.5 ಚದರ ಮಿಲಿಮೀಟರ್‌ಗೆ ಕಡಿಮೆಯಿಲ್ಲದ ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಹಾಗೂ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಇರುವುದು ಸೂಕ್ತ. ಆರ್.ಸಿ.ಸಿ.ಬಿ.ಯು ವಿದ್ಯುತ್ ಸೋರಿದ ಕ್ಷಣದಲ್ಲೇ ಸಂಪರ್ಕ ಕಡಿದು ಶಾಕ್‌ನಿಂದ ಜೀವ ಉಳಿಸುತ್ತದೆ; ಎಂ.ಸಿ.ಬಿ. ಆ ಕೆಲಸ ಮಾಡುವುದಿಲ್ಲ.

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ನಿದರ್ಶನ ಇಲ್ಲಿ ಉಪಯುಕ್ತ. ಆ ಸರಕಾರವು 2014ರಲ್ಲಿ ಅಡುಗೆ ಅನಿಲಕ್ಕೆ ಬದಲಾಗಿ 30 ಲಕ್ಷ ಮನೆಗಳಿಗೆ ಇಂಡಕ್ಷನ್ ಒಲೆ ತಲುಪಿಸುವ ಯೋಜನೆಯನ್ನು ಕೈಗೊಂಡಾಗ, ಒಲೆಯ ಜೊತೆಗೆ ಮನೆಗಳಿಗೆ 220 ವೋಲ್ಟ್‌ನ ಸಂಪರ್ಕ ಕಲ್ಪಿಸುವುದನ್ನೂ ಯೋಜನೆಯ ಭಾಗವಾಗಿಸಿತು. ಒಲೆಗೆ ಮೊದಲು ವೈರಿಂಗ್ ಎಂಬುದೇ ಇದರ ಪಾಠ.

ಕಾಂತಕ್ಷೇತ್ರದ ಭಯ: ಎಷ್ಟು ನಿಜ, ಎಷ್ಟು ಊಹೆ?

ಇಂಡಕ್ಷನ್ ಒಲೆಯಿಂದ ಹೊರಡುವುದು ಎಕ್ಸ್-ರೇಯಂತಹ ವಿಕಿರಣವಲ್ಲ. ಆಹಾರವು "ವಿಕಿರಣಯುಕ್ತ"ವಾಗುತ್ತದೆ ಎಂಬುದು ಆಧಾರವಿಲ್ಲದ ಮಾತು. ಒಲೆಯ ಸುತ್ತ ಇರುವುದು ಕಾಂತಕ್ಷೇತ್ರ, ಅದು ದೂರ ಹೆಚ್ಚಿದಂತೆ ಬಹುಬೇಗ ಕ್ಷೀಣಿಸುತ್ತದೆ. ಐಸಿಎನ್‌ಐಆರ್‌ಪಿ ಎಂಬ ಅಂತರರಾಷ್ಟ್ರೀಯ ಆಯೋಗವು 2010ರ ತನ್ನ ಮಾರ್ಗಸೂಚಿಯಲ್ಲಿ ಈ ಆವರ್ತನಗಳಿಗೆ ಸಾರ್ವಜನಿಕರ ಮಟ್ಟಿಗೆ 27 ಮೈಕ್ರೊಟೆಸ್ಲಾ ಎಂಬ ಉಲ್ಲೇಖ ಮಟ್ಟವನ್ನು ನಿಗದಿಪಡಿಸಿದೆ. ಒಲೆಗಳ ಪರೀಕ್ಷೆಯನ್ನು 30 ಸೆಂಟಿಮೀಟರ್ ದೂರದಲ್ಲಿ ನಡೆಸುವುದು ವಾಡಿಕೆ. ಆದರೆ ಅಡುಗೆ ಮಾಡುವವರು ಕಟ್ಟೆಗೆ ಒರಗಿ ಇನ್ನೂ ಹತ್ತಿರ ನಿಲ್ಲುವುದುಂಟು. ಆದ್ದರಿಂದಲೇ ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯು ಒಲೆಯಿಂದ 5ರಿಂದ 10 ಸೆಂಟಿಮೀಟರ್ ಅಂತರ ಕಾಯ್ದುಕೊಳ್ಳಲು ಸಲಹೆ ಮಾಡಿದೆ. ಪಾತ್ರೆಯು ವೃತ್ತದ ನಡುಮಧ್ಯೆ ಇದ್ದು ವೃತ್ತವನ್ನು ಪೂರ್ತಿ ಮುಚ್ಚಿದರೆ ಹೊರಗೆ ಸೋರುವ ಕ್ಷೇತ್ರ ಕಡಿಮೆ. ದೊಡ್ಡ ವೃತ್ತದ ಅಂಚಿನಲ್ಲಿ ಚಿಕ್ಕ ಪಾತ್ರೆ ಇಟ್ಟರೆ ಹೆಚ್ಚು.

ಪೇಸ್‌ಮೇಕರ್ ಇರುವವರ ವಿಷಯ ಬೇರೆ. "ಯುರೋಪೇಸ್" ವೈದ್ಯಕೀಯ ನಿಯತಕಾಲಿಕೆಯಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವು, ಎದೆಯ ಎಡಭಾಗದಲ್ಲಿ ಯುನಿಪೋಲಾರ್ ಬಗೆಯ ಪೇಸ್‌ಮೇಕರ್ ಇದ್ದು, ಪಾತ್ರೆ ವೃತ್ತದ ನಡುವೆ ಇರದೆ, ರೋಗಿಯು ಪಾತ್ರೆಯನ್ನು ದೀರ್ಘಕಾಲ ಮುಟ್ಟಿಕೊಂಡಿದ್ದರೆ ಅಪಾಯದ ಸಾಧ್ಯತೆ ಉಂಟೆಂದು ತಿಳಿಸಿತು. ಬ್ರಿಟಿಷ್ ಹಾರ್ಟ್ ಫೌಂಡೇಶನ್ ಇಂತಹವರಿಗೆ ಒಲೆಯಿಂದ 60 ಸೆಂಟಿಮೀಟರ್, ಅಂದರೆ ಸುಮಾರು ಎರಡು ಅಡಿ, ದೂರವಿರಲು ಹೇಳುತ್ತದೆ. ಎರಡಡಿ ದೂರ ನಿಂತು ಚಪಾತಿ ಬೇಯಿಸಲು ಆಗದು. ಆದ್ದರಿಂದ ಮನೆಯಲ್ಲಿ ಪೇಸ್‌ಮೇಕರ್ ಇರುವ ಹಿರಿಯರೇ ಅಡುಗೆ ಮಾಡುವವರಾಗಿದ್ದರೆ ಹೃದ್ರೋಗ ತಜ್ಞರನ್ನು ಕೇಳದೆ ಒಲೆ ಕೊಳ್ಳಬಾರದು. "ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದೆಯೇ?" ಎಂದು ಮಾರುವವರು ಕೇಳಲು ಅರ್ಧ ನಿಮಿಷ ಸಾಕು.

ಪಾತ್ರೆ, ಒಗ್ಗರಣೆ ಮತ್ತು ಕುಕ್ಕರ್

ಆಯಸ್ಕಾಂತ ಅಂಟುವ ತಳವಿದ್ದರೆ ಪಾತ್ರೆ ಈ ಒಲೆಗೆ ಸಲ್ಲುತ್ತದೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಮಣ್ಣಿನ ಪಾತ್ರೆಗಳು ಸಲ್ಲುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿಯೂ 430 ದರ್ಜೆಗೆ ಆಯಸ್ಕಾಂತ ಅಂಟುತ್ತದೆ, 304 ದರ್ಜೆಗೆ ಸಾಮಾನ್ಯವಾಗಿ ಅಂಟುವುದಿಲ್ಲ. ಪಾತ್ರೆ ತಯಾರಿಸುವ ಸಣ್ಣ ಉದ್ದಿಮೆದಾರರು "ಇಂಡಕ್ಷನ್ ಬಾಟಮ್" ಎಂದು ಮುದ್ರಿಸುವ ಮುನ್ನ ತಳದ ತಟ್ಟೆ ಪೂರ್ತಿ ಸಮತಟ್ಟಾಗಿದೆಯೇ, ಪದೇ ಪದೇ ಕಾಯಿಸಿ ತಣಿಸಿದ ಮೇಲೂ ಅಂಟಿಕೊಂಡಿರುವುದೇ ಎಂಬುದನ್ನು ಪರೀಕ್ಷಿಸಬೇಕು. ತಳ ಉಬ್ಬಿದ ಪಾತ್ರೆ ಗಾಜಿನ ಮೇಲೆ ತಿರುಗಿ ಕುದಿಯುವ ಸಾರು ಚೆಲ್ಲಬಹುದು.

ಒಗ್ಗರಣೆ ಇನ್ನೊಂದು ಸೂಕ್ಷ್ಮ ವಿಷಯ. ತೆಳುವಾದ ಸೌಟಿನಲ್ಲೋ ಬಾಣಲೆಯಲ್ಲೋ ಎರಡು ಚಮಚ ಎಣ್ಣೆ ಹಾಕಿ ಪೂರ್ಣ ಶಕ್ತಿಗೆ ಒಲೆ ಹಚ್ಚಿದರೆ ಕೆಲವೇ ಕ್ಷಣಗಳಲ್ಲಿ ಎಣ್ಣೆ ಹೊಗೆಯಾಡುತ್ತದೆ. ಜ್ವಾಲೆ ಕಾಣದಿರುವುದರಿಂದ ಕಣ್ಣಿಗೆ ಸೂಚನೆ ಸಿಗುವುದಿಲ್ಲ. ಒಗ್ಗರಣೆಗೆ ಕಡಿಮೆ ಶಕ್ತಿಯಲ್ಲಿ ಆರಂಭಿಸುವುದು ಕ್ಷೇಮ. ಎಣ್ಣೆಗೆ ಬೆಂಕಿ ಹತ್ತಿದರೆ ಸ್ವಿಚ್ ಆರಿಸಿ ಮುಚ್ಚಳ ಮುಚ್ಚಬೇಕೇ ಹೊರತು ನೀರು ಸುರಿಯಲೇಬಾರದು.

ಪ್ರೆಶರ್ ಕುಕ್ಕರನ್ನು ನೀರಿಲ್ಲದೆ ಇಡಬಾರದು. ಕುಕ್ಕರಿಗೆ ಐ.ಎಸ್.ಐ. ಗುರುತು 2020ರ ಗುಣಮಟ್ಟ ನಿಯಂತ್ರಣ ಆದೇಶದಿಂದ ಕಡ್ಡಾಯವಾಗಿ, 2021ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಗುರುತಿಲ್ಲದ ಕುಕ್ಕರುಗಳ ಮಾರಾಟಕ್ಕೆ ಅವಕಾಶ ಕೊಟ್ಟ ಆನ್‌ಲೈನ್ ಮಾರಾಟ ಸಂಸ್ಥೆಗಳ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ದಂಡ ವಿಧಿಸಿದೆ. ದೊಡ್ಡವರಿಗೆ ತಪ್ಪದ ದಂಡ ಪೇಟೆಬೀದಿಯ ಅಂಗಡಿಗೆ ತಪ್ಪೀತೆಂದು ನಂಬಲಾಗದು.

ದಿನಬಳಕೆಯ ಎಚ್ಚರಿಕೆಗಳು

1. ಒಲೆಯ ಕೆಳಗೆ ಬಟ್ಟೆ, ಹಳೆಯ ಪತ್ರಿಕೆ, ಪ್ಲಾಸ್ಟಿಕ್ ಹಾಳೆ ಹಾಸಬಾರದು. ಒಳಗಿನ ಫ್ಯಾನ್ ಗಾಳಿ ಎಳೆಯುವುದು ಕೆಳಗಿನಿಂದಲೇ. ಗೋಡೆಯಿಂದಲೂ ಅಂತರವಿರಬೇಕು.

2. ಅಡುಗೆ ಮುಗಿದ ಕೂಡಲೇ ಪ್ಲಗ್ ಕೀಳಬಾರದು. ಗುಂಡಿಯಿಂದ ಆರಿಸಿ, ಫ್ಯಾನ್ ನಿಂತ ಮೇಲೆ ಗೋಡೆಯ ಸ್ವಿಚ್ ಆರಿಸಬೇಕು.

3. ಗಾಜು ತಾನಾಗಿ ಕಾಯದಿದ್ದರೂ ಪಾತ್ರೆಯ ಶಾಖದಿಂದ ಕಾಯುತ್ತದೆ. "ಕರೆಂಟ್ ಒಲೆ ಸುಡುವುದಿಲ್ಲ" ಎಂದು ನಂಬಿ ಮಕ್ಕಳು ಕೈಯಿಟ್ಟರೆ ಸುಡುವುದು ಖಂಡಿತ.

4. ಚಮಚ, ಚಾಕು, ಮುಚ್ಚಳಗಳನ್ನು ಗಾಜಿನ ಮೇಲೆ ಇಡಬಾರದು.

5. ಗಾಜಿನಲ್ಲಿ ಬಿರುಕು ಕಂಡರೆ, ಅದು ಕೂದಲೆಳೆಯಷ್ಟಿದ್ದರೂ, ಬಳಕೆ ನಿಲ್ಲಿಸಬೇಕು. ಉಕ್ಕಿದ ಹಾಲು, ಗಂಜಿ ಬಿರುಕಿನಿಂದ ಒಳಗಿಳಿದರೆ ಶಾಕ್ ತಗಲಬಹುದು.

6. ಒದ್ದೆ ಬಟ್ಟೆಯಲ್ಲಿ ಒರೆಸುವ ಮುನ್ನ ಪ್ಲಗ್ ತೆಗೆದಿರಬೇಕು. ನಲ್ಲಿಯ ಕೆಳಗೆ ಹಿಡಿದು ತೊಳೆಯಲೇಬಾರದು.

7. ವಾರಕ್ಕೊಮ್ಮೆ, ಒಲೆ ಆರಿಸಿದ ನಂತರ, ಪ್ಲಗ್ಗನ್ನು ಮುಟ್ಟಿ ನೋಡಬೇಕು. ಕೈ ಇಡಲಾರದಷ್ಟು ಬಿಸಿಯಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು.

ಮಾರಾಟಗಾರರ ಹೊಣೆ

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ದಿನಾಂಕ 20-7-2020ರಿಂದ ಜಾರಿಗೆ ಬಂದಿತು. ಇದರ 6ನೇ ಅಧ್ಯಾಯ, ಅಂದರೆ 82ರಿಂದ 87ರವರೆಗಿನ ಕಲಮುಗಳು, "ಉತ್ಪನ್ನ ಹೊಣೆಗಾರಿಕೆ"ಯನ್ನು ಕುರಿತದ್ದು. ದೋಷಯುಕ್ತ ಸರಕಿನಿಂದ ದೇಹಕ್ಕೆ ಅಥವಾ ಆಸ್ತಿಗೆ ಹಾನಿಯಾದರೆ ಪರಿಹಾರ ಕೇಳುವ ಹಕ್ಕು ಇದರಿಂದ ದೊರೆತಿದೆ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ ಆಗಿರುವುದರಿಂದ, ಬಿಲ್ಲು ಗಂಡನ ಹೆಸರಿನಲ್ಲಿದ್ದರೂ ಗಾಯಗೊಂಡ ಹೆಂಡತಿ ದೂರು ಕೊಡಬಹುದು.

ತಯಾರಕರ ಹೊಣೆ 84ನೇ ಕಲಮಿನಲ್ಲಿದೆ: ತಯಾರಿಕೆಯ ದೋಷ, ವಿನ್ಯಾಸದ ದೋಷ, ನಿಗದಿತ ವಿವರಣೆಯಿಂದ ವಿಚಲನೆ, ಕೊಟ್ಟ ಭರವಸೆಗೆ ತಪ್ಪುವುದು, ಸರಿಯಾದ ಬಳಕೆಯ ಸೂಚನೆ ಮತ್ತು ಎಚ್ಚರಿಕೆ ಕೊಡದಿರುವುದು. ಇಲ್ಲಿ ವ್ಯಾಪಾರಸ್ಥರು ವಿಶೇಷವಾಗಿ ನೆನಪಿಡಬೇಕಾದ ಮಾತೊಂದಿದೆ. 2(36)ನೇ ಕಲಮಿನ ಪ್ರಕಾರ, ಬೇರೆಯವರು ತಯಾರಿಸಿದ ಸರಕಿನ ಮೇಲೆ ತನ್ನ ಗುರುತನ್ನು ಹಾಕಿಸುವವನೂ "ತಯಾರಕ"ನೇ. ಹೊರಗಿನಿಂದ ಒಲೆ ತರಿಸಿ ಅಂಗಡಿಯ ಹೆಸರಿನ ಸ್ಟಿಕ್ಕರ್ ಅಂಟಿಸುವವರು ಒಂದು ಸ್ಟಿಕ್ಕರಿನಿಂದ ಕಾರ್ಖಾನೆಯ ಹೊಣೆಯನ್ನೆಲ್ಲ ತಲೆಯ ಮೇಲೆ ಎಳೆದುಕೊಳ್ಳುತ್ತಾರೆ.

ಕೇವಲ ಮಾರುವವರ ಹೊಣೆ 86ನೇ ಕಲಮಿನಲ್ಲಿದೆ. ಮುಖ್ಯವಾಗಿ ಈ ಸಂದರ್ಭಗಳಲ್ಲಿ ಮಾರಾಟಗಾರರು ಹೊಣೆಯಾಗುತ್ತಾರೆ: ಸರಕನ್ನು ಬದಲಾಯಿಸಿದ್ದು ಹಾನಿಗೆ ಪ್ರಮುಖ ಕಾರಣವಾದಾಗ, ತಯಾರಕರ ವಾರಂಟಿಗೆ ಹೊರತಾಗಿ ತಾವೇ ಭರವಸೆ ಕೊಟ್ಟು ಅದು ಸುಳ್ಳಾದಾಗ, ತಯಾರಕರು ಯಾರೆಂದು ತಿಳಿಯದಾಗ ಅಥವಾ ಅವರಿಗೆ ನೋಟಿಸು ಮುಟ್ಟಿಸಲಾಗದಾಗ, ತಯಾರಕರ ಎಚ್ಚರಿಕೆಗಳನ್ನು ಗ್ರಾಹಕರಿಗೆ ದಾಟಿಸದಿದ್ದು ಹಾನಿಗೆ ನೇರ ಕಾರಣವಾದಾಗ. ಪ್ಲಗ್ ಕತ್ತರಿಸಿ ಚಿಕ್ಕ ಪ್ಲಗ್ ಜೋಡಿಸಿ ಕೊಡುವುದು ಮೊದಲನೆಯದಕ್ಕೆ ಉದಾಹರಣೆ. "ಯಾವ ಸಾಕೆಟ್ಟಿಗೆ ಹಾಕಿದರೂ ನಡೆಯುತ್ತದೆ, ನಾನಿದ್ದೇನೆ" ಎನ್ನುವುದು ಎರಡನೆಯದಕ್ಕೆ. ಬಿಲ್ಲಿಲ್ಲದ ಮಾಲು ಮೂರನೆಯದಕ್ಕೆ. ಪೆಟ್ಟಿಗೆ ತೆರೆಯದೆ, ಒಂದು ಮಾತೂ ಹೇಳದೆ ಕೊಡುವುದು ನಾಲ್ಕನೆಯದರ ಹತ್ತಿರ ಒಯ್ಯುತ್ತದೆ.

ರಕ್ಷಣೆಯೂ ಉಂಟು. ಹಾನಿಯ ಸಮಯದಲ್ಲಿ ಗ್ರಾಹಕರು ಸರಕನ್ನು ತಪ್ಪಾಗಿ ಬಳಸಿದ್ದರೆ ಅಥವಾ ಮಾರ್ಪಡಿಸಿದ್ದರೆ 87ನೇ ಕಲಮಿನಡಿ ಮಾರಾಟಗಾರರ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ನಿಲ್ಲುವುದಿಲ್ಲ. ಆದರೆ ತಪ್ಪು ಬಳಕೆಯೆಂದು ತೋರಿಸಬೇಕಾದರೆ ಸರಿಯಾದ ಬಳಕೆಯನ್ನು ತಿಳಿಸಿದ್ದಕ್ಕೆ ಕಾಗದ ಬೇಕು. ದೂರನ್ನು ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ. ಹುಬ್ಬಳ್ಳಿಯ ವ್ಯಾಪಾರಿ ಕಲಬುರಗಿಯ ಆಯೋಗದ ಮುಂದೆ ನಿಲ್ಲಬೇಕಾದೀತು.

ಒಂದು ಉದಾಹರಣೆ

ಕಾಲ್ಪನಿಕ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಜಿಲ್ಲಾ ಕೇಂದ್ರದ ಪಾತ್ರೆ ವ್ಯಾಪಾರಿಯೊಬ್ಬರು 50 ಒಲೆಗಳನ್ನು ತಲಾ ರೂ. 1,400ಕ್ಕೆ ತರಿಸಿ ರೂ. 1,650ಕ್ಕೆ ಮಾರಿದರು. ಲಾಭ ಒಲೆಗೆ ರೂ. 250, ಒಟ್ಟು ರೂ. 12,500. ಖರೀದಿಗೆ ಬಿಲ್ಲಿಲ್ಲ, ಪೆಟ್ಟಿಗೆಯ ಮೇಲೆ ತಯಾರಕರ ವಿಳಾಸವಿಲ್ಲ. ಗ್ರಾಹಕರಿಗೂ ಚೀಟಿಯಲ್ಲಿ ಮೊತ್ತ ಬರೆದು ಕೊಟ್ಟರು. ಒಂದು ಮನೆಯಲ್ಲಿ ಕನ್ವರ್ಟರ್ ಪ್ಲಗ್ ಹೊತ್ತಿಕೊಂಡು ಅಡುಗೆಮನೆಯ ಕಪಾಟು ಸುಟ್ಟಿತು, ಆರಿಸಲು ಹೋದ ಗೃಹಿಣಿಯ ಕೈ ಬೆಂದಿತು. ಆ ಕುಟುಂಬ ರೂ. 3,00,000 ಪರಿಹಾರ ಕೇಳಿ, ಅದು ಮಂಜೂರಾಯಿತೆಂದು ಭಾವಿಸೋಣ. ಆ ಮೊತ್ತವನ್ನು ತುಂಬಿಕೊಡಲು ವ್ಯಾಪಾರಿಯು 1,200 ಒಲೆಗಳನ್ನು ಮಾರಬೇಕು. ಆ ಕೈಯ ನೋವಿಗೆ ಯಾವ ಖಾತೆಯಲ್ಲೂ ಸರಿದೂಗಿಸುವ ನಮೂದಿಲ್ಲ.

ಇದೇ ವ್ಯಾಪಾರಿ ಹೆಸರಾಂತ ತಯಾರಕರಿಂದ ಬಿಲ್ಲಿನೊಡನೆ ಮಾಲು ತರಿಸಿ, ತಮ್ಮ ಬಿಲ್ಲಿನ ಕೆಳಗೆ "16 ಆಂಪಿಯರ್ ಸಾಕೆಟ್ ಕಡ್ಡಾಯ, ಕನ್ವರ್ಟರ್, ಎಕ್ಸ್‌ಟೆನ್ಷನ್ ಬಳಸಬಾರದು" ಎಂದು ಮುದ್ರಿಸಿ, ಗ್ರಾಹಕರ ಸಹಿ ಪಡೆದಿದ್ದರೆ ಫಲಿತಾಂಶ ಬೇರೆಯಾಗುವ ಸಾಧ್ಯತೆ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಆ ಸಾಲನ್ನು ಓದಿದ ಮನೆಯವರು ಕನ್ವರ್ಟರ್ ಹಾಕದೇ ಇರಬಹುದಿತ್ತು.

ಉಡುಗೊರೆಯಾಗಿ ಕೊಡುವವರಿಗೆ

ಆಯುಧಪೂಜೆ, ದೀಪಾವಳಿಗೆ ಕಾರ್ಮಿಕರಿಗೆ ಇಂಡಕ್ಷನ್ ಒಲೆ ಕೊಡುವ ಪದ್ಧತಿ ಸಣ್ಣ ಕೈಗಾರಿಕೆಗಳಲ್ಲಿದೆ. ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆಯು ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)(ಎಚ್) ಕಲಮಿನಡಿ ದೊರೆಯುವುದಿಲ್ಲ ಎಂಬುದನ್ನು ಲೆಕ್ಕದಲ್ಲಿಡಬೇಕು. ಕಾರ್ಮಿಕರ ಮನೆಯ ವೈರಿಂಗ್ ಇಂತಹ ಒಲೆಯನ್ನು ತಾಳೀತೇ ಎಂದು ಕೇಳುವುದೂ ಅಷ್ಟೇ ಅಗತ್ಯ. ತಾಳದೆಂದು ತೋರಿದರೆ ಕುಕ್ಕರು, ಪಾತ್ರೆಗಳೇ ಉತ್ತಮ ಉಡುಗೊರೆ.

ಅಂಗಡಿಯಲ್ಲಿ ಪಾಲಿಸಬೇಕಾದ ಕ್ರಮ

1. ತಯಾರಕರ ಹೆಸರು, ವಿಳಾಸ, ಮಾದರಿ ಸಂಖ್ಯೆ ಇಲ್ಲದ ಒಲೆಯನ್ನು ದಾಸ್ತಾನು ಮಾಡಬಾರದು. ಐ.ಎಸ್.ಐ. ಗುರುತಿದ್ದರೆ ಪರವಾನಗಿ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ತಾಳೆ ನೋಡಬೇಕು. ಗುಣಮಟ್ಟ ನಿಯಂತ್ರಣ ಆದೇಶಗಳ ಜಾರಿ ದಿನಾಂಕ ಉಪಕರಣದಿಂದ ಉಪಕರಣಕ್ಕೆ ಬೇರೆಯಾಗಿರುವುದರಿಂದ ಪ್ರತಿ ದೊಡ್ಡ ಖರೀದಿಗೆ ಮುನ್ನ ಬ್ಯೂರೋದ ಪಟ್ಟಿಯನ್ನು ನೋಡಬೇಕು.

2. ಖರೀದಿ ಮತ್ತು ಮಾರಾಟದ ಬಿಲ್ಲುಗಳೆರಡರಲ್ಲೂ ಕ್ರಮಸಂಖ್ಯೆ ನಮೂದಾಗಿರಬೇಕು. ಬಿಲ್ಲು ಕೊಡದಿರುವುದೇ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

3. ಗ್ರಾಹಕರಿಗೆ ಮೂರು ಪ್ರಶ್ನೆ ಕೇಳಬೇಕು: 16 ಆಂಪಿಯರ್ ಸಾಕೆಟ್ ಇದೆಯೇ? ಅರ್ಥಿಂಗ್ ಇದೆಯೇ? ಪೇಸ್‌ಮೇಕರ್ ಇರುವವರು ಇದ್ದಾರೆಯೇ?

4. ಎಚ್ಚರಿಕೆಗಳನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಮುದ್ರಿಸಿ ಪೆಟ್ಟಿಗೆಯೊಡನೆ ಕೊಡಬೇಕು.

5. ವಹಿವಾಟು ದೊಡ್ಡದಾಗಿದ್ದರೆ ಉತ್ಪನ್ನ ಹೊಣೆಗಾರಿಕೆ ವಿಮೆಯನ್ನು ಕುರಿತು ವಿಚಾರಿಸಬೇಕು.

ಉಪಸಂಹಾರ

ಸರಿಯಾದ ಸಾಕೆಟ್, ಸರಿಯಾದ ಪಾತ್ರೆ, ಸರಿಯಾದ ತಿಳಿವಳಿಕೆ, ಈ ಮೂರೂ ಇದ್ದಲ್ಲಿ ಇಂಡಕ್ಷನ್ ಒಲೆ ಮನೆಗೆ ಒಳ್ಳೆಯ ಸಾಧನ. ಮೊದಲನೆಯದು ಮನೆಯವರ ಕೆಲಸ, ಎರಡನೆಯದು ತಯಾರಕರ ಕೆಲಸ. ಮೂರನೆಯದನ್ನು ದಾಟಿಸುವ ಕೆಲಸ ಅಂಗಡಿಯ ಕಟ್ಟೆಯ ಮೇಲೆ ನಡೆಯಬೇಕು, ಅದಕ್ಕೆ ತಗಲುವ ವೆಚ್ಚ ಒಂದು ಹಾಳೆ ಕಾಗದ ಮತ್ತು ಎರಡು ನಿಮಿಷ. ಇಷ್ಟು ಕಡಿಮೆ ಬಂಡವಾಳಕ್ಕೆ ಇಷ್ಟು ದೊಡ್ಡ ನಷ್ಟವನ್ನು ತಪ್ಪಿಸುವ ಬೇರೆ ವ್ಯವಹಾರ ದೊರೆಯುವುದು ಕಷ್ಟ.